ಮಕ್ಕಳ ಸಂಸಾರ ಮುರಿದರೂ ತೋಟ ಉಳಿಯಬೇಕಾದರೆ: ಕೊಡಗಿನ ಹೆತ್ತವರು ತಿಳಿದಿರಬೇಕಾದ ಕಾನೂನು

"ಮಗ ಸೊಸೆ ಬೇರೆ ಆದ್ರೆ ತೋಟದಲ್ಲಿ ಅರ್ಧ ಹೋಗ್ತದಾ?" ಸಂಸಾರ ಹಳಿ ತಪ್ಪುತ್ತಿದೆ ಎಂದು ಗೊತ್ತಾದಾಗ ಹೆತ್ತವರು ತಗ್ಗಿದ ದನಿಯಲ್ಲಿ ವಕೀಲರನ್ನು ಕೇಳುವ ಮೊದಲ ಮಾತು ಇದು. ಉತ್ತರ: ಹೋಗುವುದಿಲ್ಲ. ಮದುವೆಯಾದ ಮಾತ್ರಕ್ಕೆ ಗಂಡ ಹೆಂಡಿರ ಆಸ್ತಿ ಒಂದಾಗುವ ಪದ್ಧತಿ ಗೋವಾದ ಸಿವಿಲ್ ಸಂಹಿತೆಯಲ್ಲಿದೆ, ನಮ್ಮಲ್ಲಿಲ್ಲ. ಹಿಂದೂ ವಿವಾಹ ಕಾಯ್ದೆಯ 27ನೇ ಕಲಮು ವಿಚ್ಛೇದನದ ನ್ಯಾಯಾಲಯಕ್ಕೆ ಕೊಡುವ ಅಧಿಕಾರ ಮದುವೆಯ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಜಂಟಿಯಾಗಿ ಸೇರಿದ ಸ್ವತ್ತಿಗೆ ಸಂಬಂಧಿಸಿದ್ದು. ತಂದೆಯಿಂದ ಮಗನಿಗೆ ಬಂದ ಕಾಫಿ ತೋಟವನ್ನು ಕತ್ತರಿಸಿ ಸೊಸೆಗೆ ಕೊಡುವ ಅಧಿಕಾರ ಅದರಲ್ಲಿ ಇಲ್ಲ.

ಹಾಗಾದರೆ ತೋಟ ಕಳೆದುಕೊಂಡವರು ಹೇಗೆ ಕಳೆದುಕೊಂಡರು? ಬಹುತೇಕ ಬೇರೆ ದಾರಿಗಳಲ್ಲಿ: ಜೀವನಾಂಶದ ಲೆಕ್ಕದಲ್ಲಿ, ಪಾಲಾಗದ ಆಸ್ತಿಯಲ್ಲಿ ಮೊಮ್ಮಗುವಿಗಿರುವ ಹುಟ್ಟುಹಕ್ಕಿನಲ್ಲಿ, ಪತ್ರದಲ್ಲಿ ಸೇರಿಸಿದ ಒಂದು ಹೆಸರಿನಲ್ಲಿ, ಇಲ್ಲವೇ ತೀರ್ಪು ಬರುವ ಮೊದಲೇ ಬಂದ ಸಾವಿನಲ್ಲಿ. ಈ ನಾಲ್ಕನ್ನೂ ಮೊದಲೇ ಯೋಚಿಸಿದರೆ ಸರಿಪಡಿಸಬಹುದು. ದಾವೆ ಹೂಡಿದ ಮೇಲೆ ಮಾಡಹೊರಟರೆ ಅದೇ ಕೆಲಸ ತಿರುಗಿ ನಮ್ಮ ಮೇಲೆಯೇ ಬೀಳುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಂದೆಯ ಹೆಸರಿನಲ್ಲಿ 12 ಎಕರೆ ಇದೆ. 8 ಎಕರೆ ಒಕ್ಕದ (ಕೊಡವ ಮನೆತನದ) ಜಮ್ಮ ಜಾಗ, ಅಂದರೆ ವಂಶಪಾರಂಪರ್ಯವಾಗಿ ಬಂದದ್ದು, 4 ಎಕರೆ ಅವರೇ ದುಡಿದು ಕೊಂಡದ್ದು. ಒಬ್ಬ ಮಗ, ಒಬ್ಬ ಮಗಳು. ಮಗನಿಗೆ ಒಂದು ಪುಟ್ಟ ಮಗು.

ಮೊದಲು ಬಿಡಿಸಬೇಕಾದ ಗಂಟು: ಇದು ಯಾರ ಆಸ್ತಿ?

ಆ 8 ಎಕರೆ ಮತ್ತು ಈ 4 ಎಕರೆ ಕಾನೂನಿನ ಕಣ್ಣಿಗೆ ಬೇರೆ ಬೇರೆ ಜಾತಿಯ ಆಸ್ತಿ. 4 ಎಕರೆ ಸ್ವಯಾರ್ಜಿತ. ತಂದೆ ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ಕೊಡದೆಯೂ ಇರಬಹುದು. 8 ಎಕರೆ ಪಿತ್ರಾರ್ಜಿತ. ಅದರಲ್ಲಿ ಮಗನಿಗೂ ಮಗಳಿಗೂ ಹುಟ್ಟಿನಿಂದಲೇ ತಂದೆಯಷ್ಟೇ ಹಕ್ಕು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಈ ಹಕ್ಕು 1994ರಲ್ಲೇ ರಾಜ್ಯದ ತಿದ್ದುಪಡಿಯಿಂದ ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ತಂದೆ 2005ಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಅದು ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಒಕ್ಕದ ಜಾಗ ಗಂಡುಮಕ್ಕಳಿಗೆ ಮಾತ್ರ ಎಂಬ ಮಾತು ಕೊಡಗಿನಲ್ಲಿ ಈಗಲೂ ಕೇಳಿಬರುತ್ತದೆ. ಆ ನಂಬಿಕೆಯ ಮೇಲೆ ಬರೆದ ಪತ್ರ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಇನ್ನು ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ. ಪಿತ್ರಾರ್ಜಿತ ಆಸ್ತಿಯಲ್ಲಿ ಸೊಸೆಗೆ ಹಕ್ಕಿಲ್ಲ, ಆದರೆ ಮಗನ ಮಗುವಿಗೆ ಇದೆ. ಪಾಲಾದಾಗ ಮಗನ ಕೈಗೆ ಬರುವ ಭಾಗದಲ್ಲಿ ಆ ಮಗು ಹುಟ್ಟಿನಿಂದಲೇ ಪಾಲುದಾರ. ದಂಪತಿ ಬೇರೆಯಾಗಿ ಮಗು ತಾಯಿಯ ಬಳಿ ಉಳಿದರೆ, ಅಪ್ರಾಪ್ತ ಮಗುವಿನ ಪರವಾಗಿ ತಾಯಿಯೇ ಪಾಲಿನ ದಾವೆ ಹೂಡಬಹುದು. ವಿಚ್ಛೇದನದ ಅರ್ಜಿ ಕೌಟುಂಬಿಕ ನ್ಯಾಯಾಲಯದಲ್ಲಿ, ಪಾಲಿನ ದಾವೆ ಸಿವಿಲ್ ನ್ಯಾಯಾಲಯದಲ್ಲಿ, ಎರಡೂ ಒಟ್ಟಿಗೆ ನಡೆಯುತ್ತವೆ. ಅಲ್ಲಿ ಇಡೀ 8 ಎಕರೆಯ ಮೇಲೆ ತಡೆಯಾಜ್ಞೆ ಬಂದರೆ ಸಾಲ, ಮಾರಾಟ, ಮಗಳ ಪಾಲು ಎಲ್ಲವೂ ವರ್ಷಗಟ್ಟಲೆ ನಿಂತುಹೋಗುತ್ತವೆ. ಆ ಮಗು ನಿಮ್ಮದೇ ಮೊಮ್ಮಗು. ಅದರ ಹಕ್ಕನ್ನು ತಪ್ಪಿಸುವ ಉಪಾಯ ಹುಡುಕುವುದು ಸರಿಯೂ ಅಲ್ಲ, ಆಗುವ ಕೆಲಸವೂ ಅಲ್ಲ. ಆಗುವ ಕೆಲಸ ಏನೆಂದರೆ, ಯಾರ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಜಗಳಕ್ಕೆ ಮೊದಲೇ ಗುರುತಿಸಿ ಬೇರ್ಪಡಿಸುವುದು.

ಜಮ್ಮ ಜಾಗದಲ್ಲಿ ಈ ಕೆಲಸ ಬೇರೆ ಜಿಲ್ಲೆಗಳಿಗಿಂತ ಕಷ್ಟ. ಪಹಣಿ ತೆಗೆದು ನೋಡಿದರೆ ಎಂದೋ ತೀರಿಹೋದ ಪಟ್ಟೇದಾರರ (ಒಕ್ಕದ ಪರವಾಗಿ ದಾಖಲಾದ ಹಿರಿಯರ) ಹೆಸರು, ಅದರ ಜೊತೆಗೆ ಒಕ್ಕದ ಹತ್ತಾರು ಮಂದಿಯ ಹೆಸರು. ಅನುಭವದಲ್ಲಿ ಮಾತ್ರ "ಆ ತೋಡಿನಿಂದ ಈಚೆ ನಮ್ಮದು" ಎಂಬ ಬಾಯಿಮಾತಿನ ಪಾಲು. ಈ ಬಾಯಿಮಾತಿನ ಪಾಲು ನ್ಯಾಯಾಲಯದಲ್ಲಿ ಬಹಳ ದುರ್ಬಲ. ಆದ್ದರಿಂದ ಮೊದಲು ಪೌತಿ ಖಾತೆ ಮಾಡಿಸಿ ತೀರಿಹೋದವರ ಜಾಗದಲ್ಲಿ ವಾರಸುದಾರರ ಹೆಸರು ತರಬೇಕು. ಆಮೇಲೆ ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಬೇರ್ಪಡಿಸುವುದಾದರೆ 11ಇ ನಕ್ಷೆಗೆ ಅರ್ಜಿ ಹಾಕಬೇಕು. ನಕ್ಷೆ ಕೈಗೆ ಬಂದ ಮೇಲೆ ಎಲ್ಲ ಪಾಲುದಾರರೂ, ಹೆಣ್ಣುಮಕ್ಕಳೂ ಸೇರಿ, ಸಹಿ ಹಾಕಿದ ವಿಭಾಗಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಒಬ್ಬ ಪಾಲುದಾರ ಬಿಟ್ಟುಹೋದರೂ ಪತ್ರಕ್ಕೆ ತಕರಾರು ಖಚಿತ. ಮನೆಯವರೆಲ್ಲ ಒಂದೇ ಊರಿನಲ್ಲಿಲ್ಲದ ಕೊಡಗಿನ ಒಕ್ಕಗಳಲ್ಲಿ ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಹಾಗಾಗಿ ಎಲ್ಲಕ್ಕಿಂತ ಮೊದಲು ಶುರುಮಾಡಬೇಕಾದದ್ದೂ ಇದೇ.

ಪಾಲಾಗದ ಪಿತ್ರಾರ್ಜಿತ ಭಾಗವನ್ನು ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ದಾನ ಕೊಟ್ಟರೆ ಆ ದಾನ ಊರ್ಜಿತವಲ್ಲ. ಆದರೆ ತಂದೆ ತನ್ನ ಪಾಲಿನ ಮಟ್ಟಿಗೆ ಮರಣಶಾಸನ (ವಿಲ್) ಬರೆಯಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ.

ಸ್ವಯಾರ್ಜಿತ 4 ಎಕರೆಯ ವಿಷಯದಲ್ಲಿ ಒಂದು ಸಾಲು ಬಹಳ ಮುಖ್ಯ. ತಂದೆ ದಾನ ಅಥವಾ ವಿಲ್ ಮೂಲಕ ಕೊಟ್ಟದ್ದು ಮಗನ ಕೈಯಲ್ಲಿ ಅವನ ಸ್ವಂತದ್ದೋ, ಮುಂದಿನ ಪೀಳಿಗೆಗೂ ಹುಟ್ಟುಹಕ್ಕು ಕೊಡುವಂಥದ್ದೋ ಎಂಬುದು ಪತ್ರದಲ್ಲಿ ಕಾಣುವ ಉದ್ದೇಶವನ್ನು ಅವಲಂಬಿಸಿದೆ ಎಂದು ಸುಪ್ರೀಂ ಕೋರ್ಟ್ 1953ರಲ್ಲೇ ಹೇಳಿದೆ. "ಈ ಸ್ವತ್ತನ್ನು ನಿನ್ನ ಪ್ರತ್ಯೇಕ, ಸ್ವಂತ ಆಸ್ತಿಯಾಗಿ ಅನುಭವಿಸತಕ್ಕದ್ದು" ಎಂದು ಬರೆಸಿ. ಪತ್ರ ಬರೆಯುವವರು ಹಳೆಯ ನಮೂನೆಯಿಂದ "ಪುತ್ರ ಪೌತ್ರ ಪಾರಂಪರ್ಯವಾಗಿ" ಎಂದು ಅಭ್ಯಾಸಬಲದಿಂದ ಸೇರಿಸಿಬಿಡುತ್ತಾರೆ. ಉದ್ದೇಶದ ಬಗ್ಗೆ ವಾದ ಹುಟ್ಟುವುದು ಅಂಥ ಮಾತುಗಳಿಂದ. ಸಹಿಗೆ ಮೊದಲು ಅಕ್ಷರ ಅಕ್ಷರ ಓದಿ.

ಜೀವನಾಂಶ: ಜಾಗ ಹೋಗದಿದ್ದರೂ ಫಸಲು ಲೆಕ್ಕಕ್ಕೆ ಬರುತ್ತದೆ

ವಿವಾಹ ಕಾಯ್ದೆಯ 24ನೇ ಕಲಮು ದಾವೆ ನಡೆಯುವಾಗಿನ ಜೀವನಾಂಶಕ್ಕೆ, 25ನೇ ಕಲಮು ಶಾಶ್ವತ ಜೀವನಾಂಶಕ್ಕೆ. ಎರಡನ್ನೂ ಗಂಡನೂ ಕೇಳಬಹುದು, ಹೆಂಡತಿಯೂ ಕೇಳಬಹುದು. ಮಗಳಿಗೆ ತೋಟ ಕೊಡುವವರು ಇದನ್ನು ನೆನಪಿಡಬೇಕು. 25ರಲ್ಲಿ ನ್ಯಾಯಾಲಯ ಇಬ್ಬರ ಆದಾಯ, ಇಬ್ಬರ ಆಸ್ತಿ, ನಡತೆ, ಸಂದರ್ಭ ಎಲ್ಲವನ್ನೂ ನೋಡುತ್ತದೆ. ವಾರಸಿನಿಂದ ಬಂದ ತೋಟವೂ ಆ "ಆಸ್ತಿ"ಯೊಳಗೇ ಬರುತ್ತದೆ. ಅಗತ್ಯ ಕಂಡರೆ ಜೀವನಾಂಶದ ಹಣಕ್ಕೆ ಭದ್ರತೆಯಾಗಿ ಸ್ಥಿರಾಸ್ತಿಯ ಮೇಲೆ ಋಣಭಾರ ಹೊರಿಸಬಹುದು. ಅದು ಪಹಣಿಯ 11ನೇ ಕಲಮಿನಲ್ಲಿ ಕೂತರೆ ಬೆಳೆಸಾಲ ಕೊಡುವ ಬ್ಯಾಂಕು ಮೊದಲು ಪ್ರಶ್ನಿಸುವುದು ಅದನ್ನೇ.

2020ರ ನವೆಂಬರ್‌ನ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆಸ್ತಿ ಮತ್ತು ಋಣಗಳ ಪ್ರಮಾಣಪತ್ರ ಸಲ್ಲಿಸಬೇಕು. ಕೃಷಿಕರಿಗೆ ಅದರಲ್ಲಿ ಪ್ರತ್ಯೇಕ ನಮೂನೆಯೇ ಇದೆ. ಜಮೀನಿನ ವಿಸ್ತೀರ್ಣ, ಬೆಳೆ, ಸಾಲ ಎಲ್ಲ ತುಂಬಬೇಕು. ಸುಳ್ಳು ಬರೆದು ಸಿಕ್ಕಿಬಿದ್ದರೆ ಸುಳ್ಳು ಪ್ರಮಾಣದ ಪ್ರಕರಣವೂ ಬರಬಹುದು, ನ್ಯಾಯಾಧೀಶರ ನಂಬಿಕೆ ಹೋಗುವುದಂತೂ ಖಂಡಿತ.

ಕಾಫಿ, ಕರಿಮೆಣಸಿನ ಆದಾಯ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಹೂ ಮಳೆ ಕೈಕೊಟ್ಟ ವರ್ಷ ಒಂದು ಲೆಕ್ಕ, ದರ ಏರಿದ ವರ್ಷ ಇನ್ನೊಂದು. ಕ್ಯೂರಿಂಗ್ ವರ್ಕ್ಸ್‌ನ ತೂಕದ ಚೀಟಿ, ವ್ಯಾಪಾರಿಯ ಬಿಲ್ಲು, ಗೊಬ್ಬರ, ಕೂಲಿ, ಕಪಾತು, ನೀರಾವರಿಯ ಖರ್ಚು ಇವುಗಳ ಮೂರು ನಾಲ್ಕು ವರ್ಷದ ಲೆಕ್ಕ ಇದ್ದರೆ ಸರಾಸರಿ ತೋರಿಸಬಹುದು. ಇಲ್ಲದಿದ್ದರೆ ಎದುರು ಪಕ್ಷ ದರ ಏರಿದ ವರ್ಷದ ಬೆಲೆಯನ್ನು ಎಕರೆಗೆ ಗುಣಿಸಿ ಒಂದು ಮೊತ್ತ ಮುಂದಿಡುತ್ತದೆ, ಅದನ್ನು ಅಲ್ಲಗಳೆಯಲು ಕೈಯಲ್ಲಿ ಏನೂ ಇರುವುದಿಲ್ಲ. ಪರಿಸ್ಥಿತಿ ಬದಲಾದರೆ ಶಾಶ್ವತ ಜೀವನಾಂಶದ ಆದೇಶವನ್ನು ಬದಲಿಸುವಂತೆ ಕೇಳಲೂ ಅವಕಾಶವಿದೆ. ಅದಕ್ಕೂ ಬೇಕಾದದ್ದು ಇದೇ ಲೆಕ್ಕದ ಪುಸ್ತಕ.

ತೋಟ ತಂದೆಯ ಸ್ವಯಾರ್ಜಿತವಾಗಿದ್ದು ಅವರ ಹೆಸರಿನಲ್ಲೇ ಇದ್ದರೆ? ಅದು ಮಗನ ಆಸ್ತಿಯಲ್ಲ. ಮಗ ಬದುಕಿರುವಾಗ ಸೊಸೆಗೆ ಜೀವನಾಂಶ ಕೊಡುವ ಹೊಣೆ ಮಾವನದ್ದಲ್ಲ. ಆದರೆ ಮಗ ಆ ತೋಟವನ್ನೇ ನೋಡಿಕೊಂಡು ಅದರ ಹಣದಲ್ಲೇ ಬದುಕುತ್ತಿದ್ದರೆ ಅವನಿಗೆ ಆದಾಯವೇ ಇಲ್ಲ ಎಂಬ ವಾದ ನಿಲ್ಲದು. ತಂದೆ ಅವನಿಗೆ ತಿಂಗಳಿಗೆ ಇಷ್ಟೆಂದು ಸಂಬಳ ಗೊತ್ತುಮಾಡಿ ಬ್ಯಾಂಕ್ ಮೂಲಕ ಕೊಡುತ್ತಿದ್ದರೆ ಚಿತ್ರ ಸ್ಪಷ್ಟ.

ದಾನವೋ, ವಿಲ್ಲೋ, ಟ್ರಸ್ಟೋ?

ಮಕ್ಕಳ ಸಂಸಾರದಲ್ಲಿ ಈಗಾಗಲೇ ಬಿರುಕು ಕಾಣುತ್ತಿದ್ದರೆ ದಾನಪತ್ರ ಬೇಡ, ವಿಲ್ ಬರೆಯಿರಿ. ಇದು ನಮ್ಮ ಸ್ಪಷ್ಟ ಅಭಿಪ್ರಾಯ. ನೋಂದಾಯಿಸಿ, ಪಡೆದವರು ಒಪ್ಪಿಕೊಂಡ ದಾನವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. ವಿಲ್ ಅನ್ನು ಕೊನೆಯುಸಿರಿನವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು.

ವಿಲ್‌ಗೆ ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಂದಾಯಿಸುವುದು ಒಳ್ಳೆಯದು. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಬರೆದವರು ಸಹಿ ಹಾಕಿದ್ದನ್ನು ನೋಡಿ, ಅವರ ಎದುರಿಗೇ ತಾವೂ ಸಹಿ ಹಾಕಬೇಕು. ಆಸ್ತಿ ಪಡೆಯುವವರೂ ಅವರ ಗಂಡ ಅಥವಾ ಹೆಂಡತಿಯೂ ಸಾಕ್ಷಿಯಾಗದಿರಲಿ. ಬರೆದವರಿಗಿಂತ ಕಿರಿಯರು, ಊರಿನಲ್ಲೇ ಇರುವವರು ಸಾಕ್ಷಿಗಳಾಗಲಿ, ಏಕೆಂದರೆ ಇಪ್ಪತ್ತು ವರ್ಷದ ನಂತರ ಅವರನ್ನೇ ನ್ಯಾಯಾಲಯಕ್ಕೆ ಕರೆಯಬೇಕಾದೀತು. ಮನೆಯಲ್ಲಿ ಯಾರಿಗೂ ತಿಳಿಯುವುದು ಬೇಡವೆಂದಿದ್ದರೆ ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು.

ಈಗಲೇ ಹೆಸರು ಬದಲಾಗಬೇಕು ಎನ್ನುವವರು ಜೀವಿತಾವಧಿ ಹಕ್ಕು ಉಳಿಸಿಕೊಂಡು ದಾನ ಕೊಡಬಹುದು. ಒಡೆತನ ಮಗನಿಗೆ, ಫಸಲು ಮತ್ತು ವಾಸದ ಹಕ್ಕು ತಂದೆ ತಾಯಿ ಇರುವವರೆಗೆ ಅವರಿಗೇ. ಅಲ್ಲಿಯವರೆಗೆ ತೋಟದ ಆದಾಯ ಮಗನದ್ದಲ್ಲ. ಮಕ್ಕಳಿಗೆ ಕೊಡುವ ದಾನಕ್ಕೆ ಮುದ್ರಾಂಕ ಶುಲ್ಕ ಬೆಲೆಯ ಶೇಕಡಾ ಲೆಕ್ಕದಲ್ಲಿಲ್ಲ, ನಿಗದಿತ ಸಣ್ಣ ಮೊತ್ತ. ಹಿರಿಯ ನಾಗರಿಕರಾಗಿದ್ದರೆ "ನಮ್ಮನ್ನು ನೋಡಿಕೊಳ್ಳತಕ್ಕದ್ದು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯ ಮುಂದೆ ದಾನ ರದ್ದು ಕೋರುವಾಗ ಆಧಾರವಾಗುವುದು ಆ ಸಾಲೇ.

ಕೆಲಸಕ್ಕೆ ಬಾರದ ಷರತ್ತುಗಳೂ ಇವೆ. "ಎಂದೆಂದಿಗೂ ಮಾರಕೂಡದು" ಎಂಬ ಸಂಪೂರ್ಣ ನಿರ್ಬಂಧ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಮಿನಂತೆ ಅನೂರ್ಜಿತ. ದಾನ ಉಳಿಯುತ್ತದೆ, ಷರತ್ತು ಬಿದ್ದುಹೋಗುತ್ತದೆ. "ಹೆಂಡತಿಯನ್ನು ಬಿಟ್ಟರೆ ಮಾತ್ರ ತೋಟ" ಎಂಬ ಧಾಟಿಯ ಷರತ್ತು ಸಾರ್ವಜನಿಕ ನೀತಿಗೆ ವಿರುದ್ಧ ಎನಿಸಿಕೊಳ್ಳುತ್ತದೆ. ಮದುವೆಗೆ ಮೊದಲೇ "ಬೇರೆಯಾದರೆ ಏನೂ ಕೇಳುವುದಿಲ್ಲ" ಎಂದು ಬರೆಸಿಕೊಳ್ಳುವ ಕರಾರನ್ನೂ ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಜಾರಿ ಮಾಡುವುದಿಲ್ಲ.

ನಿಜವಾಗಿ ಗಟ್ಟಿಯಾದ ಕೋಟೆ ಬೇಕೆಂದರೆ ಖಾಸಗಿ ಟ್ರಸ್ಟ್. 1882ರ ಟ್ರಸ್ಟ್ ಕಾಯ್ದೆಯಂತೆ ಸ್ಥಿರಾಸ್ತಿಯ ಟ್ರಸ್ಟ್ ನೋಂದಾಯಿತ ಪತ್ರದಿಂದ ಅಥವಾ ವಿಲ್‌ನಿಂದ ಹುಟ್ಟಬೇಕು. ತೋಟ ಟ್ರಸ್ಟಿಗಳ ಹೆಸರಿನಲ್ಲಿರುತ್ತದೆ, ಮಗ ಫಲಾನುಭವಿ ಮಾತ್ರ. ಇಲ್ಲಿನ ಸೂಕ್ಷ್ಮ ಇದು: "ಆದಾಯವನ್ನೆಲ್ಲ ಮಗನಿಗೆ ಕೊಡತಕ್ಕದ್ದು" ಎಂದು ಬರೆದರೆ ಅದು ಅವನ ಆದಾಯವೇ ಆಗಿ ಜೀವನಾಂಶದ ಲೆಕ್ಕಕ್ಕೆ ಬರುತ್ತದೆ. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟು, ಮಗ, ಮೊಮ್ಮಕ್ಕಳು ಎಲ್ಲರನ್ನೂ ಫಲಾನುಭವಿಗಳಾಗಿ ಸೇರಿಸಿದರೆ ಅವನದ್ದೆಂದು ಬೆರಳಿಟ್ಟು ತೋರಿಸಬಹುದಾದ ಭಾಗ ಇರುವುದಿಲ್ಲ. ಮಗನೊಬ್ಬನೇ ಟ್ರಸ್ಟಿಯಾದರೆ ಈ ಏರ್ಪಾಡು ಬರೀ ಹೆಸರಿಗೆ. ಅಕ್ಕನೋ, ಚಿಕ್ಕಪ್ಪನೋ, ನಂಬಿಕೆಯ ಲೆಕ್ಕಪರಿಶೋಧಕರೋ ಜೊತೆಗಿರಲಿ. ಏಳು ತಲೆಮಾರಿಗೆ ಕಟ್ಟಿಹಾಕಲಾಗದು: ಈಗ ಬದುಕಿರುವವರ ಜೀವಿತಾವಧಿ, ಅದರ ಮೇಲೆ ಮುಂದೆ ಹುಟ್ಟುವ ಮಗು ಪ್ರಾಪ್ತ ವಯಸ್ಸಿಗೆ ಬರುವವರೆಗೆ, ಅಷ್ಟೇ ಮಿತಿ. ಇಂಥ ಟ್ರಸ್ಟ್‌ನ ಬಾಡಿಗೆ, ಬಡ್ಡಿ, ಹೋಂಸ್ಟೇ ಆದಾಯಕ್ಕೆ ಸಾಮಾನ್ಯವಾಗಿ ಗರಿಷ್ಠ ದರದ ತೆರಿಗೆ ಬೀಳುತ್ತದೆ. ನಾಲ್ಕೈದು ಎಕರೆಗೆ ಇಷ್ಟೆಲ್ಲ ಬೇಡ.

ಹೆಸರು ಸೇರಿಸುವ ಮುನ್ನ

ಪ್ರೀತಿಯಿಂದ ಸೊಸೆಯ ಹೆಸರನ್ನೋ ಅಳಿಯನ ಹೆಸರನ್ನೋ ಪತ್ರದಲ್ಲಿ ಸೇರಿಸಿದರೆ ಅದು ಸಂಪೂರ್ಣ ದಾನ. ಮದುವೆ ಮುರಿದರೂ ಅದು ವಾಪಸ್ಸು ಬರುವುದಿಲ್ಲ. ತೋಟ ಮಾರಿದ ಹಣದಲ್ಲಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಜಂಟಿ ಹೆಸರಿನಲ್ಲಿ ಮನೆ ಕೊಳ್ಳುವುದೂ ಹಾಗೆಯೇ. ಹಣ ಯಾರದ್ದೆಂದು ರುಜುವಾತು ಮಾಡುವ ಹೊಣೆ ಪತ್ರಕ್ಕೆ ವಿರುದ್ಧ ವಾದಿಸುವವರ ಮೇಲಿದೆ. ವಾರಸಿನ ಹಣಕ್ಕೆ ಮಗನ ಅಥವಾ ಮಗಳ ಒಂಟಿ ಹೆಸರಿನ ಬೇರೆ ಖಾತೆ ತೆರೆಯಿರಿ. ಅದಕ್ಕೆ ಸಂಬಳ ಬೀಳದಿರಲಿ, ಅದರಿಂದ ಮನೆಖರ್ಚು ಹೋಗದಿರಲಿ. ಎಲ್ಲಕ್ಕಿಂತ ದೊಡ್ಡ ಅಪಾಯ ಅಳಿಯನ ವ್ಯಾಪಾರದ ಸಾಲಕ್ಕೆ ಮಗಳು ತವರಿನ ತೋಟ ಅಡವಿಟ್ಟು ಜಾಮೀನು ಹಾಕುವುದು. ವಿಚ್ಛೇದನದಿಂದ ಆ ಜಾಮೀನು ಕರಗುವುದಿಲ್ಲ.

ಮನೆಯ ವಿಷಯ ಬೇರೆ. 2020ರ ಅಕ್ಟೋಬರ್‌ನ ಸತೀಶ್ ಚಂದರ್ ಅಹುಜಾ ತೀರ್ಪಿನಂತೆ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ, ಸೊಸೆ ಅಲ್ಲಿ ಸಂಸಾರ ಮಾಡಿದ್ದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ವಾಸದ ಹಕ್ಕು ಕೇಳಬಹುದು. ಅದು ವಾಸದ ಹಕ್ಕು, ಒಡೆತನವಲ್ಲ. ಬೇರೆ ಮನೆಯ ಬಾಡಿಗೆ ಕೊಡುವಂತೆಯೂ ನ್ಯಾಯಾಲಯ ಹೇಳಬಹುದು. ಬೀಗ ಜಡಿದು ಹೊರಹಾಕಿದರೆ ಮಾತ್ರ ಗೆಲ್ಲುವ ಪ್ರಕರಣವನ್ನೂ ಸೋಲುತ್ತೀರಿ.

ತೀರ್ಪಿಗೆ ಮೊದಲು ಸಾವು ಬಂದರೆ

ಬೇರೆ ಮನೆಯಲ್ಲಿದ್ದರೂ, ದಾವೆ ನಡೆಯುತ್ತಿದ್ದರೂ, ವಿಚ್ಛೇದನದ ಡಿಕ್ರಿ ಆಗುವವರೆಗೆ ಹೆಂಡತಿ ಹೆಂಡತಿಯೇ. ಮಗ ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿಗೆ ಸಮಪಾಲು. ಮೊದಲ ದರ್ಜೆಯ ವಾರಸುದಾರರಲ್ಲಿ ತಂದೆ ಇಲ್ಲ! ತಾನು ಕೊಟ್ಟ ತೋಟದಲ್ಲಿ ತನಗೇ ಏನೂ ಇಲ್ಲವಾಗುವುದು ಹೀಗೆ. ಆದ್ದರಿಂದ ವಿಲ್ ಬರೆಯಬೇಕಾದವರು ಹೆತ್ತವರು ಮಾತ್ರವಲ್ಲ, ಆಸ್ತಿ ಪಡೆದ ಮಕ್ಕಳೂ ಬರೆಯಬೇಕು.

ಮಗಳ ವಿಷಯದಲ್ಲಿ ಇನ್ನೊಂದು ತಿರುವು. ತಂದೆ ತಾಯಿಯಿಂದ ವಾರಸಾಗಿ ಬಂದ ಆಸ್ತಿ, ಅವಳು ಮಕ್ಕಳಿಲ್ಲದೆ ವಿಲ್ ಬರೆಯದೆ ತೀರಿಕೊಂಡರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ 2ನೇ ಉಪಕಲಮಿನಂತೆ ತಂದೆಯ ವಾರಸುದಾರರಿಗೆ ಮರಳುತ್ತದೆ. ಅದೇ ತೋಟವನ್ನು ದಾನವಾಗಿಯೋ ವಿಲ್ ಮೂಲಕವೋ ಕೊಟ್ಟಿದ್ದರೆ ಅದು "ವಾರಸಾಗಿ" ಬಂದದ್ದಲ್ಲ, ಗಂಡನಿಗೆ ಹೋಗುತ್ತದೆ. ದಾನಪತ್ರ ನೋಂದಾಯಿಸಿದ ದಿನವೇ ಮಗಳ ವಿಲ್ ಕೂಡ ಮಾಡಿಸಿಬಿಡುವುದು ಜಾಣತನ. ಅವಳ ಚಿನ್ನದ ಬಗ್ಗೆಯೂ ಒಂದು ಮಾತು: ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಯಾವುದು ಎಷ್ಟು ಗ್ರಾಂ, ಯಾರು ಕೊಟ್ಟದ್ದು ಎಂದು ಮದುವೆಯ ಸಮಯದಲ್ಲೇ ಪಟ್ಟಿ ಮಾಡಿ ವಧೂವರರ ಸಹಿ ಹಾಕಿಸಿ. ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮಗಳು ಇಂಥ ಪಟ್ಟಿಯನ್ನು ಇಡಲೇಬೇಕೆನ್ನುತ್ತವೆ. ಸ್ತ್ರೀಧನ ಪೂರ್ತಿ ಅವಳದ್ದೇ, ಆದರೆ ಪಟ್ಟಿಯಿಲ್ಲದ ಚಿನ್ನವನ್ನು ಕೇಳಿ ಪಡೆಯುವುದು ಕಷ್ಟ.

ಇಲ್ಲಿಯವರೆಗಿನದು ಹಿಂದೂ ಕಾನೂನು ಅನ್ವಯಿಸುವ ಮನೆಗಳ ಮಾತು. ಮುಸ್ಲಿಂ ಕುಟುಂಬಗಳಲ್ಲಿ ಹುಟ್ಟುಹಕ್ಕು ಎಂಬುದಿಲ್ಲ. ವಾರಸುದಾರರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ವಿಲ್ ಬರೆಯಬಹುದಾದದ್ದು ಮೂರನೇ ಒಂದು ಭಾಗಕ್ಕೆ ಮಾತ್ರ, ಸುನ್ನಿ ಕಾನೂನಿನಂತೆ ವಾರಸುದಾರರೊಬ್ಬರಿಗೇ ಬರೆದರೆ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಹಿಬಾ (ದಾನ) ಕೊಟ್ಟರೆ ಸ್ವಾಧೀನವನ್ನೂ ಬಿಟ್ಟುಕೊಡಬೇಕು. ಕ್ರೈಸ್ತರು ಮದುವೆಗೆ ಮೊದಲು ಬರೆದ ವಿಲ್ ಮದುವೆಯೊಂದಿಗೆ ರದ್ದಾಗುತ್ತದೆ, ಹೊಸದಾಗಿ ಬರೆಯಬೇಕು. ಪರಿಶಿಷ್ಟ ಪಂಗಡಗಳಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ತಾನಾಗಿ ಅನ್ವಯಿಸುವುದಿಲ್ಲ. ಮಕ್ಕಳು ಹೊರದೇಶದಲ್ಲಿ ನೆಲೆಸಿದ್ದರೆ ಅಲ್ಲಿನ ನ್ಯಾಯಾಲಯ ಅಲ್ಲಿನ ಕಾನೂನಿನಂತೆ ಆಸ್ತಿ ಹಂಚಬಹುದು. ಇಂಗ್ಲೆಂಡಿನಂಥ ಕಡೆ ಮದುವೆಗೆ ಮುಂಚಿನ ಕರಾರಿಗೆ ತೂಕವಿದೆ, ಹಾಗಾಗಿ ಅಲ್ಲಿನ ವಕೀಲರನ್ನೇ ಕೇಳಬೇಕು.

ನೋಟಿಸು ಬಂದ ಮೇಲೆ ಮಗನ ತೋಟವನ್ನು ತರಾತುರಿಯಲ್ಲಿ ತಂಗಿಯ ಹೆಸರಿಗೆ ಬರೆಸುವವರಿದ್ದಾರೆ. ಜಮೀನಿನ ಆದಾಯದಿಂದ ಜೀವನಾಂಶ ಪಡೆಯುವ ಹಕ್ಕಿರುವವರು, ಆ ಜಮೀನನ್ನು ಪುಕ್ಕಟೆಯಾಗಿ ಪಡೆದವರ ವಿರುದ್ಧವೂ ಹಕ್ಕು ಚಲಾಯಿಸಬಹುದೆಂದು ಸ್ವತ್ತು ವರ್ಗಾವಣೆ ಕಾಯ್ದೆಯ 39ನೇ ಕಲಮು ಹೇಳುತ್ತದೆ. ತಂಗಿಯೂ ಪ್ರತಿವಾದಿಯಾಗುತ್ತಾಳೆ, ಅಷ್ಟೇ ಲಾಭ. ಆ ಹಂತದಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ವಿವಾಹ ಕಾಯ್ದೆಯ 13ಬಿ ಕಲಮಿನ ಅರ್ಜಿ ಹಾಕಿ, ಸೊಸೆ ಮತ್ತು ಮೊಮ್ಮಗುವಿಗೆ ಗೌರವದಿಂದ ಬದುಕುವಷ್ಟು ಒಂದೇ ಗಂಟಿನಲ್ಲಿ ಕೊಟ್ಟು ಮುಗಿಸುವುದು ತೋಟಕ್ಕೂ ಒಳ್ಳೆಯದು, ಆ ಮಗುವಿಗೂ ಒಳ್ಳೆಯದು.

ಡಿಕ್ರಿ ಕೈಗೆ ಬಂದ ವಾರವೇ ಮಾಡಬೇಕಾದ ಕೆಲಸಗಳಿವೆ. ವಿಚ್ಛೇದನವಾದರೆ ಹಳೆಯ ವಿಲ್ ತಾನಾಗಿ ರದ್ದಾಗುವುದಿಲ್ಲ, ಹೊಸದು ಬರೆಯಬೇಕು. ಬ್ಯಾಂಕು, ವಿಮೆ, ಭವಿಷ್ಯನಿಧಿಯ ನಾಮಿನಿ ಬದಲಿಸಬೇಕು. ಪರಸ್ಪರ ಕೊಟ್ಟ ಮುಖ್ತಾರುನಾಮೆ ರದ್ದುಪಡಿಸಬೇಕು. ಜೀವನಾಂಶ ತೀರಿಸಿದ ರಸೀದಿಯೊಂದಿಗೆ ಅರ್ಜಿ ಹಾಕಿ, ಪಹಣಿಯ 11ನೇ ಕಲಮಿನಲ್ಲಿ ಋಣಭಾರ ನಮೂದಾಗಿದ್ದರೆ ತೆಗೆಸಿ, ಹೊಸ ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ತೆಗೆದು ಕಡತಕ್ಕೆ ಸೇರಿಸಬೇಕು.